ಬೇಲಿಯೇ ಹೊಲ ಮೇಯ್ದಾಗ

ಬೇಲಿಯೇ ಎದ್ದು ಹೊಲ ಮೇಯ್ದರೆ ಕಾಯುವವರಾರು? ದೀರ್ಘಕಾಲದ ಶ್ವಾಸಕೋಶ ರೋಗದಲ್ಲಿ ನಡೆಯುವುದು ಹೆಚ್ಚುಕಡಿಮೆ ಇದೇ. ದೇಹವನ್ನು ಕಾಯಬೇಕಾದ ಬಿಳಿ ರಕ್ತಕಣಗಳೇ ಶ್ವಾಸಕೋಶವನ್ನು ಹಾಳುಗೆಡವುತ್ತವೆ.

ಬಿಳಿ ರಕ್ತಕಣಗಳಲ್ಲಿ ಸಂಖ್ಯೆಯಲ್ಲಿ ಹೆಚ್ಚಿರುವವು ನ್ಯೂಟ್ರೊಫಿಲ್‌ಗಳು. ಸೋಂಕು ತಗುಲಿದ ಜಾಗಕ್ಕೆ ಧಾವಿಸಿ ಬ್ಯಾಕ್ಟೀರಿಯಾಗಳನ್ನು ನುಂಗುವ ಇವುಗಳ ಒಂದು ಅಸ್ತ್ರ ಎಲಾಸ್ಟೇಸ್ ಎಂಬ ಕಿಣ್ವ. ಇದಕ್ಕೆ ಶತ್ರು, ಮಿತ್ರರೆಂಬ ಭೇದವಿಲ್ಲ. ಕಣದಿಂದ ಹೊರಗೆ ಸೋರಿದರೆ ಶ್ವಾಸಕೋಶದ ಗಾಳಿಗೂಡುಗಳ ಗೋಡೆಯಲ್ಲಿರುವ, ರಬ್ಬರಿನಂತೆ ಹಿಗ್ಗಿ ಕುಗ್ಗುವ ಎಲಾಸ್ಟಿನ್ ಎಳೆಗಳನ್ನೂ ಕತ್ತರಿಸುತ್ತದೆ. ಆಗ ಪುಟ್ಟ ಗೂಡುಗಳು ಒಡೆದು ದೊಡ್ಡ ಪೊಳ್ಳುಗಳಾಗುತ್ತವೆ. ಒಳಹೋದ ಗಾಳಿ ಸಲೀಸಾಗಿ ಹೊರಬರುವುದಿಲ್ಲ. ವೈದ್ಯರು ಇದನ್ನು ಎಂಫಿಸೀಮಾ ಎನ್ನುತ್ತಾರೆ.

ಹಾಗಿದ್ದರೆ ಎಲ್ಲರ ಶ್ವಾಸಕೋಶವೂ ಏಕೆ ಹಾಳಾಗುವುದಿಲ್ಲ? ಇದಕ್ಕೆ ಸುಳಿವು ಸಿಕ್ಕಿದ್ದು 1963ರಲ್ಲಿ, ಸ್ವೀಡನ್ನಿನ ಮಾಲ್ಮೋ ನಗರದಲ್ಲಿ. ರಕ್ತದ ಪ್ರೋಟೀನುಗಳನ್ನು ಬೇರ್ಪಡಿಸಿದ ಪಟ್ಟಿಗಳನ್ನು ನೋಡುತ್ತಿದ್ದ ಕಾರ್ಲ್-ಬರ್ಟಿಲ್ ಲಾರೆಲ್ ಮತ್ತು ಸ್ಟೆನ್ ಎರಿಕ್‌ಸನ್ ಅವರಿಗೆ ಐವರ ಪಟ್ಟಿಯಲ್ಲಿ ಒಂದು ಗೆರೆಯೇ ಕಾಣಲಿಲ್ಲ. ಆ ಐವರಲ್ಲಿ ಮೂವರಿಗೆ ಶ್ವಾಸಕೋಶದ ರೋಗವಿತ್ತು. ಕಾಣೆಯಾಗಿದ್ದದ್ದು ಪಿತ್ತಜನಕಾಂಗದಲ್ಲಿ ತಯಾರಾಗುವ ಆಲ್ಫಾ-1 ಆಂಟಿಟ್ರಿಪ್ಸಿನ್. ಎಲಾಸ್ಟೇಸ್‌ಗೆ ಮೂಗುದಾರ ಹಾಕುವ ಪ್ರೋಟೀನು ಇದೇ.

ಅದೇ ದಶಕದಲ್ಲಿ ಅಮೆರಿಕದ ಪಾಲ್ ಗ್ರಾಸ್ ಮತ್ತು ಸಂಗಡಿಗರು ಇಲಿಗಳ ಶ್ವಾಸಕೋಶಕ್ಕೆ ಪಪೈನ್ ಸೇರಿಸಿ ಎಂಫಿಸೀಮಾ ಉಂಟುಮಾಡಿದರು. ಪಪೈನ್ ಎಂದರೆ ಪರಂಗಿಕಾಯಿಯ ಹಾಲಿನಲ್ಲಿರುವ, ಮಾಂಸವನ್ನು ಮೆದುವಾಗಿಸುವ ಕಿಣ್ವ. ಕಿಣ್ವವೊಂದು ಅಂಕೆ ತಪ್ಪಿದರೆ ಶ್ವಾಸಕೋಶ ಕರಗಬಲ್ಲದೆಂಬುದು ಹೀಗೆ ಸ್ಪಷ್ಟವಾಯಿತು.

ಹುಟ್ಟಿನಿಂದಲೇ ಈ ಪ್ರೋಟೀನಿನ ಕೊರತೆ ಇರುವವರು ವಿರಳ. ಉಳಿದವರಲ್ಲಿ ಸಮತೋಲ ಕೆಡಿಸುವುದು ಮುಖ್ಯವಾಗಿ ಹೊಗೆ. ಬೀಡಿ, ಸಿಗರೇಟಿನ ಹೊಗೆ ನ್ಯೂಟ್ರೊಫಿಲ್‌ಗಳನ್ನು ಶ್ವಾಸಕೋಶಕ್ಕೆ ಕರೆತರುತ್ತದೆ; ಮೂಗುದಾರದ ಪ್ರೋಟೀನನ್ನೂ ದುರ್ಬಲಗೊಳಿಸುತ್ತದೆ. ಎಂದೂ ಬೀಡಿ ಮುಟ್ಟದ, ಆದರೆ ವರ್ಷಗಟ್ಟಲೆ ಸೌದೆ ಒಲೆ ಊದಿದ ನಮ್ಮ ಹಳ್ಳಿಯ ಹೆಂಗಸರನ್ನೂ ಈ ಕಾಯಿಲೆ ಬಿಟ್ಟಿಲ್ಲ.

ಇನ್ನೊಂದು ಬಗೆಯ ಬಿಳಿ ಕಣ ಇಯೊಸಿನೊಫಿಲ್. ರಕ್ತದಲ್ಲಿ ಇದರ ಸಂಖ್ಯೆ ಹೆಚ್ಚಿದ್ದರೆ ಸೇದುವ ಸ್ಟೀರಾಯ್ಡ್ ಔಷಧದಿಂದ ಪ್ರಯೋಜನವಾಗುವ ಸಂಭವ ಹೆಚ್ಚು. ಹೀಗಾಗಿ ಸಾಮಾನ್ಯ ರಕ್ತಪರೀಕ್ಷೆಯೂ ಚಿಕಿತ್ಸೆಗೆ ದಾರಿ ತೋರಿಸುತ್ತದೆ.

ಆದರೆ ಒಡೆದ ಗಾಳಿಗೂಡನ್ನು ಮತ್ತೆ ಕಟ್ಟುವ ಔಷಧ ಇಲ್ಲ. ಹೊಗೆಯಿಂದ ದೂರವಾದರೆ ಉಳಿದಿರುವುದನ್ನು ಹೆಚ್ಚು ಕಾಲ ಕಾಪಾಡಿಕೊಳ್ಳಬಹುದು, ಅಷ್ಟೆ. ನಾಲ್ಕು ಮೆಟ್ಟಿಲು ಹತ್ತಿದರೆ ಬರುವ ಏದುಸಿರನ್ನು ‘ವಯಸ್ಸಾಯಿತು’ ಎಂದು ತಳ್ಳಿಹಾಕದೆ, ಊದಿಸಿ ಅಳೆಯುವ ಸ್ಪೈರೋಮೆಟ್ರಿ ಪರೀಕ್ಷೆ ಮಾಡಿಸಿಕೊಳ್ಳುವುದು ಲೇಸು.