ಕದಡಿದ ನೀರಿನಲ್ಲಿ ತಿರುಗುವ ತಗಡು

ಸ್ಪಿನ್ನರ್ ಗಾಳಕ್ಕೆ ಎರೆಹುಳು ಬೇಡ, ಕಪ್ಪೆಯೂ ಬೇಡ. ಗಟ್ಟಿ ತಂತಿಗೆ ಸಡಿಲವಾಗಿ ಸಿಕ್ಕಿಸಿದ ಸಣ್ಣ ಹಿತ್ತಾಳೆ ತಗಡು, ಹಿಂದೆ ತುಸು ಭಾರ, ತುದಿಗೆ ಮೂರು ಕವಲಿನ ಕೊಕ್ಕೆ, ಇಷ್ಟೇ ಅದರ ಸರಂಜಾಮು. ದಾರ ಎಳೆದೊಡನೆ ತಗಡು ತಂತಿಯ ಸುತ್ತ ಗಿರಗಿರನೆ ತಿರುಗುತ್ತದೆ. ಆ ಅದುರು ಮೀನಿನ ಮೈಬದಿಯ ಸಂವೇದನಾ ರೇಖೆಗೆ ತಟ್ಟುತ್ತದೆ. ಕದಡಿದ ನೀರಿನಲ್ಲಿ ಹೊಳಪು ಕಾಣುವುದು ತೀರ ಹತ್ತಿರ ಬಂದ ಮೇಲೆ.

ಅಮೆರಿಕದ ಜೂಲಿಯೊ ಬ್ಯೂಯೆಲ್ 1852ರಲ್ಲಿ ಚಮಚದಾಕಾರದ ಲೋಹದ ಗಾಳಕ್ಕೆ ಪೇಟೆಂಟ್ ಪಡೆದರು. ಕರ್ನಾಟಕಕ್ಕೂ ಈ ಚರಿತ್ರೆಯಲ್ಲಿ ಪಾಲಿದೆ. ದಕ್ಷಿಣ ಕನ್ನಡದಲ್ಲಿ ಅಧಿಕಾರಿಯಾಗಿದ್ದ ಹೆನ್ರಿ ಸಲ್ಲಿವನ್ ಥಾಮಸ್ ಅವರ ‘ದಿ ರಾಡ್ ಇನ್ ಇಂಡಿಯಾ’ 1873ರಲ್ಲಿ ಮಂಗಳೂರಿನಲ್ಲೇ ಅಚ್ಚಾಯಿತು. ಮಹಶೀರ್ ಹಿಡಿಯಲು ಗಾಳವನ್ನು ನೀರಿನಲ್ಲಿ ತಿರುಗಿಸುತ್ತ ಎಳೆಯುವ ಬಗೆಯನ್ನು ಅದು ವಿವರಿಸಿತು. ಆದರೆ ಆ ಕಾಲದ ರಾಟೆಯಿಂದ ಹಗುರವಾದ ಗಾಳವನ್ನು ದೂರಕ್ಕೆ ಎಸೆಯಲಾಗುತ್ತಿರಲಿಲ್ಲ. ಇಂಗ್ಲೆಂಡಿನ ಜವಳಿ ಉದ್ಯಮಿ ಇಲಿಂಗ್‌ವರ್ತ್ 1905ರಲ್ಲಿ ರೂಪಿಸಿದ ಸ್ಥಿರ ಉರುಳೆಯ ರೀಲು ಈ ತೊಡಕನ್ನು ಬಿಡಿಸಿತು. ಗಿರಣಿಯ ನೂಲಿನಂತೆ ದಾರ ಉರುಳೆಯ ತುದಿಯಿಂದ ಸಲೀಸಾಗಿ ಜಾರಿತು. ಸ್ಪಿನ್ನರ್ ಮನೆಮಾತಾಗಲು ಈ ರೀಲೇ ನಿಜವಾದ ಕಾರಣ. 1938ರಲ್ಲಿ ಫ್ರಾನ್ಸಿನ ಆಂದ್ರೆ ಮ್ಯೂಲ್ನಾರ್ ತಂದ ಮೆಪ್ಸ್ ಗಾಳ ಇಂದಿಗೂ ಮಾದರಿಯಾಗಿ ಉಳಿದಿದೆ.

ಬೀದರ್ ಜಿಲ್ಲೆಯ ಬೇಟೆಮೀನುಗಳೆಂದರೆ ಮುಖ್ಯವಾಗಿ ಕೊರವ ಮತ್ತು ಬಾಳೆ ಮೀನು. ಗಡಿಯ ಮರಾಠಿ ಮಾತಿನಲ್ಲಿ ಕೊರವವೇ ಮರಳ. ಔರಾದ್, ಭಾಲ್ಕಿ ಸೀಮೆಯ ಮಾಂಜ್ರಾ ನದಿಯಾಗಲಿ, ಅದರ ಉಪನದಿಗೆ ಬ್ಯಾಲಹಳ್ಳಿ ಬಳಿ ಕಟ್ಟಿದ ಕಾರಂಜಾ ಜಲಾಶಯವಾಗಲಿ, ಕಪ್ಪು ಮತ್ತು ಕೆಂಪು ಮಣ್ಣಿನ ನೀರು ಹರಿದು ಬರುವ ತಾಣಗಳು. ಮಳೆ ನಿಂತರೂ ಸಣ್ಣ ಮಣ್ಣಿನ ಕಣ ಬೇಗ ತಳ ಸೇರುವುದಿಲ್ಲ. ಇಂಥ ನೀರಿಗೆ ಹೊಳಪಿಗಿಂತ ಅದುರೇ ಮುಖ್ಯ. ಆದ್ದರಿಂದ ಅಗಲವಾದ ದುಂಡು ತಗಡನ್ನು ನಿಧಾನವಾಗಿ ಎಳೆಯುವುದು ಒಳ್ಳೆಯದು. ನೀರು ತಿಳಿಯಾದ ಮೇಲೆ ನೀಳವಾದ ಎಲೆಯಾಕಾರದ ತಗಡು ಸಾಕು; ಅದು ಬೇಗ ತಿರುಗುತ್ತದೆ, ಕೈಗೆ ಹಗುರ. ದಾರ ಹೊಸೆದುಕೊಳ್ಳದಂತೆ ಗಾಳದ ಮುಂದೊಂದು ತಿರುಗಣಿ ಹಾಕಲೇಬೇಕು.

ಕೊರವ ಗಾಳಿಯನ್ನೂ ಉಸಿರಾಡುವ ಮೀನು. ಆಗಾಗ ಮೇಲೆದ್ದು ಗಾಳಿ ಗುಟುಕರಿಸುವಾಗ ಏಳುವ ಗುಳ್ಳೆ ಅದರ ಜಾಗವನ್ನು ತೋರಿಸಿಕೊಡುತ್ತದೆ. ಗಾಳವನ್ನು ಗುಳ್ಳೆಯ ಮೇಲೆಯೇ ಎಸೆದರೆ ಮೀನು ಬೆದರುತ್ತದೆ. ತುಸು ಆಚೆ ಎಸೆದು, ಪಾಚಿ ಮತ್ತು ಆಪು ಹುಲ್ಲಿನ ಅಂಚಿನಗುಂಟ ಎಳೆಯಬೇಕು. ಆಪಿನೊಳಗೆ ಹೋದರೆ ಮೂರು ಕವಲಿನ ಕೊಕ್ಕೆ ಸಿಕ್ಕಿಕೊಳ್ಳುತ್ತದೆ.

ಮಳೆಗಾಲ ಕೊರವ ಮರಿ ಮಾಡುವ ಕಾಲ. ಕೆಂಪು ಮರಿಗಳ ಹಿಂಡಿನ ಕೆಳಗೆ ತಾಯಿತಂದೆ ಕಾವಲಿದ್ದು, ಹಸಿವಿಲ್ಲದಿದ್ದರೂ ಹತ್ತಿರ ಸುಳಿದ ತಗಡನ್ನು ಅಟ್ಟಲು ಎರಗುತ್ತವೆ. ಆಗ ಹಿಡಿಯುವುದು ಬಲು ಸುಲಭ, ಆದರೆ ಕಾವಲು ತಪ್ಪಿದ ಮರಿಗಳು ಇತರ ಮೀನುಗಳ ಪಾಲಾಗುತ್ತವೆ. ಮರಿಗಳು ಬೆಳೆದು ಚದುರುವವರೆಗೆ ಆ ಹಿಂಡುಗಳತ್ತ ಗಾಳ ಎಸೆಯಬಾರದು.