ಮನೆಯಲ್ಲಿ ಮಾಡಿಕೊಳ್ಳಬಹುದಾದ ಒಡವೆಗಳು

ಆಭರಣವೆಂದ ಕೂಡಲೆ ಚಿನ್ನವನ್ನೂ, ಚಿನ್ನವೆಂದ ಕೂಡಲೆ ಅದರ ಬೆಲೆಯನ್ನೂ ನೆನೆಯುವುದು ನಮ್ಮೆಲ್ಲರಿಗೂ ಅಭ್ಯಾಸವಾಗಿಹೋಗಿದೆ. ಮಗಳ ಮದುವೆಯ ಒಡವೆಗಾಗಿ ಹತ್ತು ವರ್ಷ ಮುಂಚಿತವಾಗಿಯೇ ಚಿಂತಿಸುವ ತಂದೆಗಳೂ, ಮಕ್ಕಳ ವಿದ್ಯಾಭ್ಯಾಸದ ವೆಚ್ಚಕ್ಕೆಂದು ಕೈಬಳೆಗಳನ್ನು ಒತ್ತೆಯಿಟ್ಟು, ಬರಿಗೈಯಲ್ಲಿ ಸಭೆ ಸಮಾರಂಭಗಳಿಗೆ ಹೋಗಲು ಸಂಕೋಚಪಡುವ ತಾಯಂದಿರೂ ನಮ್ಮ ನೆರೆಹೊರೆಯಲ್ಲಿ ಅನೇಕರಿರುವರು. ಇಂಥವರಿಗೂ, ಬಿಡುವಿನ ವೇಳೆಯಲ್ಲಿ ಕೈಗೊಂದು ಒಳ್ಳೆಯ ಕೆಲಸವನ್ನು ಬಯಸುವ ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿನಿಯರಿಗೂ, ಅಲ್ಪ ವೆಚ್ಚದಲ್ಲಿ ಮನೆಯಲ್ಲಿಯೇ ಒಡವೆಗಳನ್ನು ಮಾಡುವ ಕ್ರಮವನ್ನು ತಿಳಿಸುವುದು ಈ ಲೇಖನದ ಉದ್ದೇಶವು.

ಅಗ್ಗದ ಪದಾರ್ಥದಿಂದ ಮಾಡಿದ ಒಡವೆಯೆಂದು ಯಾರೂ ನಾಚಬೇಕಾದುದಿಲ್ಲ. ಇದಕ್ಕೆ ನಮ್ಮ ಭಾಷೆಯೇ ಸಾಕ್ಷಿ. ಕಿವಿಯ ಆಭರಣಕ್ಕೆ ಓಲೆಯೆಂದು ಹೆಸರಷ್ಟೆ? ಓಲೆಯೆಂದರೆ ತಾಳೆಯ ಗರಿ. ಹಿಂದಿನ ಕಾಲದಲ್ಲಿ ಸ್ತ್ರೀಯರು ತಾಳೆಯ ಗರಿಯನ್ನು ಸುರುಳಿ ಸುತ್ತಿ ಕಿವಿಯಲ್ಲಿ ಧರಿಸುತ್ತಿದ್ದರು. ಮುಂದೆ ಅಕ್ಕಸಾಲಿಗನು ಅದನ್ನು ಚಿನ್ನದಲ್ಲಿ ಮಾಡಿಕೊಟ್ಟಾಗ ಪದಾರ್ಥವು ಬದಲಾಯಿತೇ ಹೊರತು ಹೆಸರು ಬದಲಾಗಲಿಲ್ಲ. ಅವಲಕ್ಕಿ ಸರ, ಮಲ್ಲಿಗೆ ಮೊಗ್ಗಿನ ಸರ, ಮುಡಿಯ ಕೇದಗೆ ಇವೆಲ್ಲವೂ ಅಡಿಗೆಮನೆಯಿಂದಲೂ ಹೂದೋಟದಿಂದಲೂ ಚಿನ್ನದ ಪೆಟ್ಟಿಗೆಗೆ ಬಂದ ಹೆಸರುಗಳು. ಮುತ್ತೈದೆಯರು ಎಲ್ಲಕ್ಕಿಂತಲೂ ಹೆಚ್ಚಾಗಿ ಆದರಿಸುವ ಕರಿಮಣಿಯು ಕೇವಲ ಗಾಜು. ಚಿನ್ನದ ತಾಳಿಗೆ ಅನುಕೂಲವಿಲ್ಲದ ಮನೆಗಳಲ್ಲಿ ಅರಿಶಿನದ ಕೊಂಬನ್ನು ದಾರದಲ್ಲಿ ಕಟ್ಟಿ ಮದುವೆ ನಡೆಸುವ ಪದ್ಧತಿಯನ್ನು ಕೇಳದವರಾರು? ಚಿತ್ರದುರ್ಗದ ಸೀಮೆಯ ಬ್ರಹ್ಮಗಿರಿಯಲ್ಲಿ ೧೯೪೭ರಲ್ಲಿ ಮಾರ್ಟಿಮರ್ ವೀಲರ್ ಎಂಬ ವಿದ್ವಾಂಸರು ನೆಲವನ್ನು ಅಗೆಯಿಸಿದಾಗ, ಪುರಾತನ ಜನರು ಧರಿಸುತ್ತಿದ್ದ ಮಣಿಗಳು ದೊರೆತುವು. ಮಣಿಯನ್ನು ಕೊರೆದು ದಾರದಲ್ಲಿ ಪೋಣಿಸುವ ವಿದ್ಯೆ ಈ ನಾಡಿಗೆ ಹೊಸದಲ್ಲ.

ಹಾಗಾದರೆ ಒಡವೆಯ ಮೌಲ್ಯವು ಯಾವುದರಲ್ಲಿದೆ? ಮಾಡುವವಳ ತಾಳ್ಮೆಯಲ್ಲಿ, ಮತ್ತು ಆಕೆಯು ತನ್ನ ಕೈಯಲ್ಲಿರುವ ಪದಾರ್ಥದ ಗುಣವನ್ನು ಎಷ್ಟರ ಮಟ್ಟಿಗೆ ಅರಿತಿದ್ದಾಳೆಂಬುದರಲ್ಲಿ. ಗುಣವನ್ನರಿಯದೆ ಕೈಹಾಕಿದರೆ ಮಣ್ಣು ಒಡೆಯುವುದು, ಕಾಗದ ಬಿಚ್ಚಿಕೊಳ್ಳುವುದು. ಕೆಲವು ಬೀಜಗಳಂತೂ ಪ್ರಾಣಕ್ಕೇ ಅಪಾಯವನ್ನು ತರುವುವು. ಆದಕಾರಣ ಒಂದೊಂದನ್ನೇ ವಿವರಿಸುವೆನು.

ಮಣ್ಣಿನ ಮಣಿಗಳು

ನಮ್ಮ ಹೊಸ ತಿಪ್ಪಸಂದ್ರದ ಹೆಸರಿನಲ್ಲಿಯೇ ಮಣ್ಣಿನ ಸುಳಿವಿದೆ. ತಿಪ್ಪಸಂದ್ರ, ಬೊಮ್ಮಸಂದ್ರ, ಸಿಂಗಸಂದ್ರ ಮೊದಲಾದ ಊರುಗಳ ಕೊನೆಯ 'ಸಂದ್ರ'ವು 'ಸಮುದ್ರ'ವೆಂಬುದರ ರೂಪ. ಸಮುದ್ರವೆಂದರೆ ಇಲ್ಲಿ ದೊಡ್ಡ ಕೆರೆ. ೧೯೪೦ರಲ್ಲಿ ವಿಮಾನದ ಕಾರ್ಖಾನೆಯು ಸ್ಥಾಪಿತವಾದ ತರುವಾಯ ಈ ಸುತ್ತಿನ ಹೊಲಗದ್ದೆಗಳು ಕ್ರಮೇಣ ಬಡಾವಣೆಗಳಾದುವು. ಆದರೆ ಕೆರೆಯ ಅಂಗಳದ ನುಣುಪಾದ ಜೇಡಿಮಣ್ಣಿನಿಂದಲೇ ನಮ್ಮ ನಾಡಿನ ಕುಂಬಾರರು ತಲತಲಾಂತರದಿಂದ ಮಡಕೆಗಳನ್ನು ಮಾಡುತ್ತ ಬಂದಿರುವರು. ದಂಡಿನ ಪ್ರದೇಶದಲ್ಲಿ ಬೆನ್ಸನ್ ಟೌನಿನ ನೆರೆಯಲ್ಲಿರುವ ಪಾಟರಿ ಟೌನಿನಲ್ಲಿ ಕುಂಬಾರರ ತಿಗರಿಗಳು ಇಂದಿಗೂ ತಿರುಗುತ್ತಿವೆ. ಪೂರ್ವಕ್ಕೆ ಸುಮಾರು ೧೦೦ ಕಿಲೋಮೀಟರು ದೂರದಲ್ಲಿದ್ದ ಕೋಲಾರದ ಚಿನ್ನದ ಗಣಿಗಳು ೨೦೦೧ರಲ್ಲಿ ಮುಚ್ಚಿದುವು. ಮಣ್ಣಿಗೆ ಅಂಥ ಕೊರತೆಯಿಲ್ಲ.

ಮಣ್ಣನ್ನು ಸಿದ್ಧಪಡಿಸುವ ಕ್ರಮ ಹೇಗೆಂದರೆ: ಒಣಗಿದ ಜೇಡಿಮಣ್ಣನ್ನು ಕುಟ್ಟಿ, ಕಲ್ಲು ಬೇರುಗಳನ್ನು ತೆಗೆದು, ಎರಡು ದಿನ ನೀರಿನಲ್ಲಿ ನೆನೆಯಿಸಬೇಕು. ಕದಡಿದ ನೀರನ್ನು ತೆಳುಬಟ್ಟೆಯಲ್ಲಿ ಸೋಸಿ, ಮಣ್ಣು ತಳದಲ್ಲಿ ಕೂಡುವವರೆಗೆ ಅಲುಗಿಸದೆ ಇಟ್ಟು, ಮೇಲಿನ ತಿಳಿಯನ್ನು ಬಗ್ಗಿಸಿಬಿಡಬೇಕು. ಉಳಿದ ಗಸಿಯನ್ನು ಬಟ್ಟೆಯಲ್ಲಿ ಕಟ್ಟಿ ತೂಗುಹಾಕಿದರೆ ಚಪಾತಿಯ ಹಿಟ್ಟಿನ ಹದಕ್ಕೆ ಬರುವುದು. ಇದಕ್ಕೆ ಹತ್ತರಲ್ಲೊಂದು ಪಾಲು ನುಣ್ಣನೆಯ ಮರಳನ್ನು ಬೆರೆಸಿ, ಒಳಗಿನ ಗಾಳಿಯೆಲ್ಲ ಹೊರಡುವಂತೆ ಹಲಗೆಯ ಮೇಲೆ ಎತ್ತಿ ಬಡಿದು ಚೆನ್ನಾಗಿ ನಾದಬೇಕು.

ಅನಂತರ ಬಟಾಣಿ ಕಾಳಿನಿಂದ ಹಿಡಿದು ನೆಲ್ಲಿಕಾಯಿಯವರೆಗೆ ಬೇಕಾದ ಗಾತ್ರದ ಉಂಡೆಗಳನ್ನು ಮಾಡಿ, ಎಣ್ಣೆ ಸವರಿದ ತೆಂಗಿನ ಪೊರಕೆಯ ಕಡ್ಡಿಯಿಂದ ತೂತು ಮಾಡತಕ್ಕದ್ದು. ಮಣ್ಣು ಒಣಗುವಾಗಲೂ ಬೇಯುವಾಗಲೂ ಕುಗ್ಗುವುದರಿಂದ ತೂತು ದಾರಕ್ಕಿಂತ ಸ್ವಲ್ಪ ದೊಡ್ಡದಾಗಿಯೇ ಇರಲಿ. ಚಿತ್ತಾರಕ್ಕೆ ಪೆನ್ನಿನ ಮುಚ್ಚಳ, ಗುಂಡಿ, ಭತ್ತದ ಕಾಳು, ಬೇವಿನ ಎಲೆಯ ಅಂಚು ಇವುಗಳನ್ನು ಒತ್ತಿದರೆ ಸಾಕು; ಅಚ್ಚುಗಳನ್ನು ಕೊಳ್ಳಬೇಕಾದುದಿಲ್ಲ.

ಈಗ ಬಹು ಮುಖ್ಯವಾದ ಸಂಗತಿ. ಮಣಿಗಳನ್ನು ಐದರಿಂದ ಏಳು ದಿನಗಳವರೆಗೆ ನೆರಳಿನಲ್ಲಿ ಒಣಗಿಸಿ, ದಿನಕ್ಕೊಮ್ಮೆ ಹೊರಳಿಸುತ್ತಿರಬೇಕು. ಅರ್ಧ ಒಣಗಿದಾಗ ಹೊಳೆಯ ನುಣುಪುಗಲ್ಲಿನಿಂದ ಉಜ್ಜಿದರೆ ಬಣ್ಣವಿಲ್ಲದೆಯೇ ಕಾಂತಿ ಬರುವುದು. ಕೊನೆಗೆ ಒಂದು ದಿನ ಬಿಸಿಲಿನಲ್ಲಿಟ್ಟು ಸುಡತಕ್ಕದ್ದು. ಇವಳು ಮೊದಲನೆಯ ಸಲ ಆತುರಪಟ್ಟು ಎರಡನೆಯ ದಿನವೇ ಬೆಂಕಿಗಿಟ್ಟಳು. ಒಳಗುಳಿದ ನೀರು ಆವಿಯಾಗಿ, ನಲವತ್ತು ಮಣಿಗಳಲ್ಲಿ ಮೂವತ್ತಕ್ಕೂ ಹೆಚ್ಚು ಪಟಪಟನೆ ಸಿಡಿದುಹೋದುವು. ಒಂದು ವಾರದ ಕೆಲಸವು ಅರ್ಧ ಗಳಿಗೆಯಲ್ಲಿ ಚೂರಾಯಿತು. ಅಂದಿನಿಂದ ಮಣ್ಣಿನ ವಿಷಯದಲ್ಲಿ ಅವಸರವೆಂಬುದನ್ನು ಬಿಟ್ಟೆನು.

ಸುಡುವುದಕ್ಕೆ ಒಂದು ಸಣ್ಣ ಮಡಕೆಯ ಪಕ್ಕಗಳಲ್ಲಿ ನಾಲ್ಕಾರು ರಂಧ್ರಗಳನ್ನು ಮಾಡಿ, ಮರದ ಹೊಟ್ಟನ್ನೂ ಮಣಿಗಳನ್ನೂ ಪದರ ಪದರವಾಗಿ ತುಂಬಿ, ಮೇಲೆ ಓಡಿನ ಚೂರನ್ನು ಮುಚ್ಚಬೇಕು. ಬಯಲಿನಲ್ಲಿ ಸುತ್ತಲೂ ಬೆರಣಿಗಳನ್ನು ಜೋಡಿಸಿ, ಮೊದಲು ಸಣ್ಣ ಉರಿಯನ್ನೂ ತರುವಾಯ ದೊಡ್ಡ ಉರಿಯನ್ನೂ ಕೊಟ್ಟು, ರಾತ್ರಿಯೆಲ್ಲ ತಾನಾಗಿಯೇ ಆರಲು ಬಿಡಬೇಕು. ಬಿಸಿಯಿರುವಾಗಲೇ ತೆಗೆದರೆ ಬಿರುಕು ಬಿಡುವುದು ನಿಶ್ಚಯ. ಮಣ್ಣಿನ ಕಣಗಳೊಳಗೆ ಬೆರೆತಿರುವ ನೀರು ಬಿಟ್ಟುಹೋಗಿ ಅದು ಮತ್ತೆಂದಿಗೂ ಕೆಸರಾಗದಂತೆ ಗಟ್ಟಿಯಾಗಬೇಕಾದರೆ ಸುಮಾರು ೬೦೦ ಡಿಗ್ರಿ ಸೆಂಟಿಗ್ರೇಡಿನ ಶಾಖವು ಬೇಕು. ಚೆನ್ನಾಗಿ ಬೆಂದ ಮಣಿಯನ್ನು ಇನ್ನೊಂದಕ್ಕೆ ತಾಕಿಸಿದರೆ ಟಣ್ ಎನ್ನುವುದು. ಬೇಯದಿರುವುದು ನೀರಿನಲ್ಲಿ ಕರಗುವುದು. ಗಾಳಿಯಾಡುವಂತೆ ಸುಟ್ಟರೆ ಮಣ್ಣಿನಲ್ಲಿರುವ ಕಬ್ಬಿಣದ ಅಂಶವು ಕೆಂಪು ಬಣ್ಣವನ್ನು ಕೊಡುವುದು. ಹೊಟ್ಟನ್ನು ಹೆಚ್ಚಾಗಿ ತುಂಬಿ ಬಾಯಿಗೆ ಕೆಸರು ಮೆತ್ತಿ ಗಾಳಿಯನ್ನು ತಡೆದರೆ ಅದೇ ಮಣಿಯು ಕಪ್ಪಾಗುವುದು. ಒಂದೇ ಮಣ್ಣಿನಿಂದ ಎರಡು ಬಣ್ಣಗಳು! ಮಹಡಿಮನೆಗಳಲ್ಲಿ ವಾಸಿಸುವವರು ಹೊಗೆಯೆಬ್ಬಿಸಿ ನೆರೆಯವರಿಗೆ ತೊಂದರೆ ಕೊಡದೆ, ಒಣಗಿದ ಮಣಿಗಳನ್ನು ಕುಂಬಾರರಿಗೆ ಒಪ್ಪಿಸಿ, ಕೂಲಿ ಕೊಟ್ಟು ಆವಿಗೆಯಲ್ಲಿ ಸುಡಿಸಿಕೊಳ್ಳುವುದು ಲೇಸು.

ಕಾಗದದ ಮಣಿಗಳು

ಬೆಂಕಿಯ ಗೊಡವೆಯೇ ಬೇಡವೆನ್ನುವವರಿಗೆ ಹಳೆಯ ಪಂಚಾಂಗದ ಹಾಳೆಗಳೂ ಮದುವೆಯ ಕರೆಯೋಲೆಗಳೂ ಸಾಕು. ಬುಡದಲ್ಲಿ ಒಂದು ಅಂಗುಲ ಅಗಲವಿದ್ದು ತುದಿಯಲ್ಲಿ ಚೂಪಾಗುವಂತೆ, ಹತ್ತು ಅಂಗುಲ ಉದ್ದದ ಪಟ್ಟಿಗಳನ್ನು ಕತ್ತರಿಸಬೇಕು. ಅಗಲವಾದ ಕಡೆಯಿಂದ ಆರಂಭಿಸಿ ಹೆಣಿಗೆಯ ಕಡ್ಡಿಯ ಮೇಲೆ ಬಿಗಿಯಾಗಿ ಸುತ್ತುತ್ತ, ಕೊನೆಯ ಎರಡು ಅಂಗುಲಕ್ಕೆ ಮೈದಾ ಹಿಟ್ಟಿನ ಅಂಟನ್ನು ಸವರಿದರೆ, ನಡುವೆ ಉಬ್ಬಿ ಎರಡು ತುದಿಗಳಲ್ಲಿ ಸಣ್ಣಗಾದ ಅಂದವಾದ ಮಣಿಯಾಗುವುದು. ಕಡ್ಡಿಯಿಂದ ಜಾರಿಸಿ, ಒಂದು ರಾತ್ರಿ ಒಣಗಿಸಿ, ಎರಡು ಸಲ ವಾರ್ನಿಷ್ ಬಳಿದರೆ ಬೆವರಿಗೆ ಕೆಡದು. ಆದರೂ ಮಳೆಯಲ್ಲಿ ಇದನ್ನು ಧರಿಸಕೂಡದು. ಎಂಟು ವರ್ಷದ ಬಾಲಿಕೆಯೂ ಇದನ್ನು ಕಲಿಯಬಲ್ಲಳು. ಅಜ್ಜಿಯೂ ಮೊಮ್ಮಗಳೂ ಜೊತೆಯಲ್ಲಿ ಕುಳಿತು ಮಾಡುವುದಕ್ಕೆ ಇದಕ್ಕಿಂತ ಒಳ್ಳೆಯ ಕೆಲಸವು ಮತ್ತೊಂದಿಲ್ಲ.

ಬೀಜಗಳು

ಇನ್ನು ಬೀಜಗಳ ವಿಷಯ. ತಾಯಂದಿರು ಈ ಭಾಗವನ್ನು ಎರಡು ಸಲ ಓದಬೇಕೆಂದು ಪ್ರಾರ್ಥಿಸುವೆನು.

ಬೀಜದ ಸರವೆಂದೊಡನೆ ಕೆಂಪು ಮೈಗೆ ಕಪ್ಪು ಚುಕ್ಕೆಯಿಟ್ಟಂತಿರುವ ಗುಲಗಂಜಿಯು ನೆನಪಿಗೆ ಬರುವುದು. ಹಿಂದೆ ಅಕ್ಕಸಾಲಿಗರು ಚಿನ್ನವನ್ನು ಇದರಿಂದಲೇ ತೂಗುತ್ತಿದ್ದರು. ೯೬ ಗುಲಗಂಜಿಗಳ ತೂಕವು ಒಂದು ತೊಲ. ನೋಡುವುದಕ್ಕೆ ಇಷ್ಟು ಸುಂದರವಾದ ಈ ಬೀಜದೊಳಗೆ ಅಬ್ರಿನ್ ಎಂಬ ಘೋರವಾದ ವಿಷವಿದೆ. ಇಡಿಯ ಬೀಜದ ಹೊರಸಿಪ್ಪೆಯು ಬಲು ಗಟ್ಟಿಯಾದುದರಿಂದ ಅಕ್ಕಸಾಲಿಗನ ತಕ್ಕಡಿಯಲ್ಲಿ ಅದು ಕೇಡನ್ನುಂಟುಮಾಡಲಿಲ್ಲ. ಆದರೆ ಸರಕ್ಕೆಂದು ಸೂಜಿಯಿಂದ ಚುಚ್ಚಿದೊಡನೆ ಆ ಕೋಟೆಯು ಒಡೆಯಿತೆಂದೇ ತಿಳಿಯಬೇಕು. ಕೊರೆಯುವವಳ ಬೆರಳಿಗೆ ಗಾಯವಾದರೆ, ಪುಡಿಯು ಕಣ್ಣಿಗೆ ಹಾರಿದರೆ, ಸರವನ್ನು ಧರಿಸಿದ ಮಗುವು ಬೀಜವನ್ನು ಕಚ್ಚಿದರೆ ಅಪಾಯವು ತಪ್ಪದು. ಈ ವಿಷಕ್ಕೆ ತಕ್ಕ ಪ್ರತ್ಯೌಷಧವು ಇಂದಿಗೂ ಇಲ್ಲ. ಇಂಗ್ಲೆಂಡಿನ ಕಾರ್ನ್‌ವಾಲ್ ಪ್ರಾಂತದ ಈಡನ್ ಪ್ರಾಜೆಕ್ಟ್ ಎಂಬ ಪ್ರಸಿದ್ಧ ಸಸ್ಯೋದ್ಯಾನದಲ್ಲಿ ಗುಲಗಂಜಿಯ ಕೈಸರಗಳನ್ನು ಮಾರುತ್ತಿದ್ದು, ಅಪಾಯವನ್ನು ಅರಿತ ಮೇಲೆ ೨೦೧೧ರಲ್ಲಿ ಕೊಂಡವರಿಂದ ಹಿಂದಕ್ಕೆ ಕೇಳಬೇಕಾಯಿತು. ಸಸ್ಯಗಳನ್ನು ಬಲ್ಲವರ ನಡುವೆಯೇ ಇಂಥ ತಪ್ಪು ನಡೆಯಿತೆಂದ ಮೇಲೆ ನಾವು ಎಷ್ಟು ಎಚ್ಚರದಿಂದಿರಬೇಕು!

ಹರಳಿನ ಗಿಡದ ಚುಕ್ಕೆಚುಕ್ಕೆಯ ಬೀಜವೂ ಹೀಗೆಯೇ ವಿಷಪೂರಿತವಾದುದು. ಸೀತಾಫಲದ ಕರಿಯ ಬೀಜವು ಧರಿಸಲು ಯೋಗ್ಯವೆಂದು ತೋರಿದರೂ ಅದರ ಪುಡಿಯು ಕಣ್ಣಿಗೆ ಬಿದ್ದರೆ ಕಣ್ಣಿನ ಪೊರೆಯನ್ನು ಸುಡುವುದು. ಆದುದರಿಂದ ಈ ಮೂರನ್ನೂ ಮನೆಯ ಕೆಲಸಕ್ಕೆ ಉಪಯೋಗಿಸಲೇಬಾರದು. ಹಳೆಯ ಪೆಟ್ಟಿಗೆಯಲ್ಲಿ ಗುಲಗಂಜಿಯ ಸರವಿದ್ದರೆ ಅದನ್ನು ಮಕ್ಕಳ ಕೈಗೆ ಸಿಕ್ಕದಂತೆ ತೆಗೆದುಬಿಡಿರಿ. ಮಗುವು ಅಗಿದು ನುಂಗಿತೆಂಬ ಸಂಶಯವಿದ್ದರೂ ವಾಂತಿಭೇದಿಗಳು ತೋರುವವರೆಗೆ ಕಾಯದೆ, ಬೀಜವನ್ನೂ ಜೊತೆಯಲ್ಲಿ ತೆಗೆದುಕೊಂಡು ಒಡನೆಯೇ ಆಸ್ಪತ್ರೆಗೆ ಹೋಗತಕ್ಕದ್ದು.

ಇವುಗಳಿಗೆ ಬದಲಾಗಿ ಅಂಟುವಾಳದ ಕಾಯಿಯೊಳಗಿನ ಉರುಟಾದ ಕರಿಯ ಬೀಜವನ್ನು ತೆಗೆದುಕೊಳ್ಳಬಹುದು. ಸೀಗೆಯ ಜೊತೆಯಲ್ಲಿ ಅಂಟುವಾಳವನ್ನು ಬಳಸುವ ಮನೆಗಳಲ್ಲಿ ಸಿಪ್ಪೆಯನ್ನು ಇಟ್ಟುಕೊಂಡು ಬೀಜವನ್ನು ಎಸೆಯುವುದುಂಟು. ಆ ಎಸೆಯುವ ಬೀಜವೇ ಎಣ್ಣೆ ಸವರಿದರೆ ಕರಿಯ ಕಲ್ಲಿನಂತೆ ಹೊಳೆಯುವುದು. ಹುಣಸೆಯ ಬೀಜವನ್ನು ಒಂದು ರಾತ್ರಿ ನೀರಿನಲ್ಲಿ ನೆನೆಯಿಸಿದರೆ ಸುಲಭವಾಗಿ ಕೊರೆಯಬಹುದು. ಒಣಗಿದ ಮೇಲೆ ಕಂದುಬಣ್ಣದ ಒಳ್ಳೆಯ ಮಣಿಯಾಗುವುದು. ಕೊರೆಯುವಾಗ ಬೀಜವನ್ನು ಬೆರಳುಗಳ ನಡುವೆ ಹಿಡಿಯದೆ ಇಕ್ಕುಳದಲ್ಲಿ ಹಿಡಿದು, ಹಲಗೆಯ ಮೇಲಿಟ್ಟು ಕೈಬೈರಿಗೆಯನ್ನು ಉಪಯೋಗಿಸಿರಿ.

ಪೋಣಿಸುವ ಕ್ರಮ

ಮಣಿಗಳು ಎಷ್ಟೇ ಚೆನ್ನಾಗಿದ್ದರೂ ದಾರವು ಕೆಟ್ಟದಾದರೆ ಒಡವೆಯು ಬೀದಿಪಾಲಾಗುವುದು. ಹುರಿಮಾಡಿದ ಹತ್ತಿಯ ದಾರಕ್ಕೆ ಜೇನುಮೇಣವನ್ನು ಉಜ್ಜಿ, ಮಣಿಮಣಿಗೂ ನಡುವೆ ಒಂದೊಂದು ಗಂಟು ಹಾಕಿದರೆ, ದಾರವು ಹರಿದಾಗಲೂ ಒಂದೇ ಮಣಿಯು ಜಾರುವುದು. ಅಗ್ಗದ ಕೊಂಡಿಗಳಲ್ಲಿ ನಿಕಲ್ ಲೋಹವಿದ್ದು ಕೆಲವರ ಚರ್ಮದಲ್ಲಿ ತುರಿಕೆಯನ್ನುಂಟುಮಾಡುವುದು. ಅಂಥವರು ಹಿಂಬದಿಯಲ್ಲಿ ದಾರದ ಕುಣಿಕೆಯನ್ನೂ ಒಂದು ದೊಡ್ಡ ಮಣಿಯನ್ನೂ ಗುಂಡಿಯಂತೆ ಮಾಡಿಕೊಳ್ಳಲಿ. ಒಡೆಯದೆ ಉಳಿದ ಹಳೆಯ ಬಳೆಗಳಿಗೆ ರೇಷ್ಮೆಯ ದಾರವನ್ನು ಸಂದಿಲ್ಲದಂತೆ ಸುತ್ತಿದರೆ ಸೀರೆಗೆ ಒಪ್ಪುವ ಬಣ್ಣದ ಬಳೆಗಳೂ ದೊರೆಯುವುವು. ಮೂರು ವರ್ಷದೊಳಗಿನ ಮಕ್ಕಳ ಕೊರಳಿಗೆ ಮಾತ್ರ ಯಾವ ಮಣಿಸರವೂ ಬೇಡ. ಗಂಟಲಲ್ಲಿ ಸಿಕ್ಕಿಕೊಳ್ಳುವ ಭಯವುಂಟು.

ಮಾರುವ ಉದ್ದೇಶವಿರುವವರಿಗೆ ಒಂದು ಮಾತು. ಮಣ್ಣಿನದಲ್ಲವೇ ಎಂದು ನಿಮ್ಮ ದುಡಿಮೆಯನ್ನು ಮಣ್ಣಿನ ಬೆಲೆಗೆ ಕೊಡಬೇಡಿರಿ. ದಾರ, ಸುಡಿಸಿದ ಕೂಲಿ, ಒಡೆದುಹೋದ ಮಣಿಗಳು, ಕುಳಿತ ಗಂಟೆಗಳು ಇವೆಲ್ಲವನ್ನೂ ಒಂದು ಪುಸ್ತಕದಲ್ಲಿ ಬರೆದಿಟ್ಟು ಬೆಲೆಯನ್ನು ಗೊತ್ತುಮಾಡಿರಿ. ಸಂಡೂರಿನ ಲಂಬಾಣಿ ಸ್ತ್ರೀಯರು ಕವಡೆಯನ್ನೂ ಕನ್ನಡಿಯ ಚೂರನ್ನೂ ಬಟ್ಟೆಗೆ ಹೊಲಿದೇ ದೇಶದಲ್ಲೆಲ್ಲ ಹೆಸರನ್ನು ಪಡೆದಿರುವರು. ಅಲ್ಲಿ ಬೆಲೆಬಂದುದು ಕವಡೆಗಲ್ಲ, ಕೈಗೆ.

ಚಿನ್ನವನ್ನು ಯಾರೂ ತ್ಯಜಿಸಬೇಕೆಂದು ಹೇಳುವುದು ಈ ಲೇಖನದ ಅಭಿಪ್ರಾಯವಲ್ಲ. ಕಷ್ಟಕಾಲಕ್ಕೆ ಅದು ಆಗಿಬರುವುದು ನಿಜ. ಆದರೆ ಬಳೆಯು ಒತ್ತೆಯಲ್ಲಿದೆಯೆಂಬ ಕಾರಣಕ್ಕಾಗಿ ಯಾವ ತಾಯಿಯೂ ಮಗಳ ಶಾಲೆಯ ವಾರ್ಷಿಕೋತ್ಸವಕ್ಕೆ ಬಾರದೆ ಮನೆಯಲ್ಲಿ ಉಳಿಯಬಾರದು. ಆ ಬಳೆಯು ವಿದ್ಯೆಯಾಗಿ ಮಗಳ ಬಳಿಯಲ್ಲಿದೆ. ಆ ಮಗಳು ತನ್ನ ಕೈಯಾರೆ ಮಾಡಿದ ಕೆಮ್ಮಣ್ಣಿನ ಸರವನ್ನು ತಾಯಿಯ ಕೊರಳಿಗೆ ಹಾಕಲಿ. ಓಲೆಯು ಗರಿಯಾಗಿದ್ದಾಗಲೂ ಓಲೆಯೇ ಆಗಿತ್ತೆಂಬುದನ್ನು ನಾವು ಮರೆಯದಿದ್ದರೆ ಸಾಕು.