ಎರಡು ಹಳಿಗಳು

ಬಂಗಾರಪೇಟೆಯ ರೈಲು ನಿಲ್ದಾಣದಲ್ಲಿ ಬಹುಕಾಲ ಎರಡು ಅಳತೆಯ ಹಳಿಗಳಿದ್ದವು. ಚಿನ್ನದ ಗಣಿಗಳಿಗಾಗಿ 1894ರಲ್ಲಿ ಮಾರಿಕುಪ್ಪಂವರೆಗೆ ತೆರೆದ ಮಾರ್ಗದಲ್ಲಿ ಹಳಿಗಳ ನಡುವಣ ಅಂತರ 1,676 ಮಿಲಿಮೀಟರು. 1913ರಲ್ಲಿ ಕೋಲಾರ ಪಟ್ಟಣಕ್ಕೆ ತೆರೆದ ಕಿರುಮಾರ್ಗದಲ್ಲಿ ಅದು 762 ಮಾತ್ರ. ಕಿರುಹಳಿಗೆ ಖರ್ಚು ಕಡಮೆ. ಆದರೆ ಒಂದರ ಬಂಡಿ ಮತ್ತೊಂದರ ಮೇಲೆ ಓಡಲಾರದು. ಕೋಲಾರದಿಂದ ರೈಲಿನಲ್ಲಿ ಬಂದ ಸರಕು ಮದರಾಸಿಗೆ ಹೋಗಬೇಕಾದರೆ ಬಂಗಾರಪೇಟೆಯಲ್ಲಿ ಇಳಿಸಿ ಮತ್ತೆ ಹೇರಬೇಕಾಗಿತ್ತು.

ಗಣಕಯಂತ್ರದ ಕಾರ್ಯಾಚರಣ ವ್ಯವಸ್ಥೆಯೂ ಇಂಥ ಹಳಿಯೇ. ಯಂತ್ರದ ಸ್ಮೃತಿ, ಕೀಲಿಮಣೆ, ಪರದೆಗಳನ್ನು ನಡೆಸುವ ಈ ಮೂಲ ತಂತ್ರಾಂಶದ ಮೇಲೆಯೇ ಉಳಿದ ತಂತ್ರಾಂಶಗಳೆಲ್ಲ ಓಡಬೇಕು. 1985ರಲ್ಲಿ ವಿಂಡೋಸ್ ಬಂದಿತು. 1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ಅವರು ಲಿನಕ್ಸ್‌ಗೆ ತಳಹದಿ ಹಾಕಿದರು. ಲಿನಕ್ಸ್ ಬೆಲೆ ಕೊಡದೆಯೇ ದೊರೆಯುತ್ತದೆ. ಬಲ್ಲವರು ಅದನ್ನು ತಿದ್ದಿಕೊಳ್ಳಲೂಬಹುದು. ಆದರೂ ಮೇಜಿನ ಮೇಲಣ ಗಣಕಗಳಲ್ಲಿ ವಿಂಡೋಸೇ ಹೆಚ್ಚು. ಏಕೆ? ಅಂಗಡಿಯಿಂದ ತರುವಾಗಲೇ ಅದು ಯಂತ್ರದಲ್ಲಿರುವುದುಂಟು. ಕೈಗೂ ಅದೇ ರೂಢಿ. ಎಲ್ಲಕ್ಕಿಂತ ಮಿಗಿಲಾಗಿ, ಬೇಕಾದ ತಂತ್ರಾಂಶಗಳು ಅದರ ಮೇಲೆ ಓಡುತ್ತವೆ. ಕನ್ನಡಿಗರು ಬಹುವಾಗಿ ಬಳಸಿದ 'ಬರಹ' ತಂತ್ರಾಂಶವೂ 1998ರಲ್ಲಿ ವಿಂಡೋಸಿಗಾಗಿಯೇ ಸಿದ್ಧವಾಯಿತು. ಅದರ ಹಳೆಯ ಅಕ್ಷರಶೈಲಿಯಲ್ಲಿ ಬರೆದಿಟ್ಟ ಕಡತ, ಆ ಅಕ್ಷರಶೈಲಿಯಿಲ್ಲದ ಯಂತ್ರದಲ್ಲಿ ಕನ್ನಡವಾಗಿ ಕಾಣುತ್ತಿರಲಿಲ್ಲ. ಹೀಗಿರುವಾಗ ವರ್ಷಗಳ ಬರವಣಿಗೆಯನ್ನು ಬಿಟ್ಟು ಯಾರು ತಾನೇ ಹಳಿ ಬದಲಿಸಿಯಾರು? ಜಗತ್ತಿನ ಲಿಪಿಗಳಿಗೆಲ್ಲ ಒಂದೇ ಸಂಕೇತಕ್ರಮವಾದ ಯೂನಿಕೋಡ್ ಬಳಕೆಗೆ ಬಂದಮೇಲೆ ಕನ್ನಡದ ಅಕ್ಷರಗಳು ಎರಡು ವ್ಯವಸ್ಥೆಗಳಲ್ಲಿಯೂ ಒಂದೇ ಆಗಿ ಉಳಿಯುತ್ತಿವೆ.